ಉದ್ದಿನ ಗಾರೆ

ವಡೋದರಾದ ಫತೇಗಂಜಿನ ಆ ಉಡುಪಿ ಹೋಟೆಲಿನಲ್ಲಿ ಬೆಳಿಗ್ಗೆ ಎಂಟಕ್ಕೆ ಕೂರಲು ಜಾಗ ಸಿಕ್ಕರೆ ಅದೃಷ್ಟ. ಯೂನಿವರ್ಸಿಟಿ ಹುಡುಗರು ಒಂದು ದೋಸೆಗೆ ನಾಲ್ಕು ಸಲ ಸಾಂಬಾರು ಕೇಳುತ್ತಾರೆ. ಕೇಳಿದಷ್ಟು ಸಲವೂ ಕೊಡಬೇಕೆಂಬುದು ಮಾಲೀಕ ಜನಾರ್ದನರ ಕಟ್ಟಪ್ಪಣೆ. ‘ಅಣ್ಣಾ, ಸಾಂಬಾರ್ ಅಂದರೆ ನಿಮ್ಮದೇ’ ಎಂದು ಯಾರಾದರೂ ಹೊಗಳಿದರೆ ಗಲ್ಲಾದ ಹಿಂದೆ ಕೂತು ಮೀಸೆಯಡಿ ನಗುವುದು ಅವರ ಅಭ್ಯಾಸ. ಆ ಸಾಂಬಾರಿನ ಪುಡಿಯನ್ನು ಇಪ್ಪತ್ತೆರಡು ವರ್ಷಗಳಿಂದ ಹುರಿದು ಕುಟ್ಟುತ್ತಿದ್ದವರು ಅವರ ಹೆಂಡತಿ ಸರಸ್ವತಿ. ಹೊಗಳುವವರಿಗೆ ಅದು ಗೊತ್ತಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

2003ರ ದೀಪಾವಳಿ ಮುಗಿದ ವಾರ. ಹೋಟೆಲಿನ ಹಿತ್ತಲಲ್ಲಿ ಗುಜರಿಯವನ ಕೈಗಾಡಿ ನಿಂತಿತ್ತು. ಅಂಚು ಮುರಿದ ಇಡ್ಲಿ ತಟ್ಟೆಗಳು, ಖಾಲಿ ಎಣ್ಣೆ ಡಬ್ಬಗಳು, ಸಾಸ್ ಮತ್ತು ವಿನೆಗರ್ ಬಾಟಲಿಗಳು, ಒಡೆದ ಕಪ್-ಬಸಿಗಳು, ಬಿರುಕು ಬಿಟ್ಟ ಮಾರ್ಬಲ್ ಟೇಬಲ್ಲು ಎಲ್ಲವೂ ಗಾಡಿ ಹತ್ತಲು ಸಿದ್ಧವಾಗಿದ್ದವು. ಅಷ್ಟರಲ್ಲಿ ಚಹಾದ ಲೋಟ ಹಿಡಿದ ಮಂದಾಕಿನಿ ಓಡಿಬಂದು ಗಾಡಿಗೆ ಅಡ್ಡ ನಿಂತಳು. ಧಾರವಾಡದ ಹುಡುಗಿ. ಆರ್ಕಿಟೆಕ್ಚರ್ ಓದಿ ಇಲ್ಲೊಂದು ಕಂಪನಿಯಲ್ಲಿ ಕೆಲಸ, ಹೋಟೆಲಿನ ಮೇಲಿನ ಮನೆಯಲ್ಲೇ ಬಾಡಿಗೆಗೆ ವಾಸ.

“ಕಾಕಾರ, ಇವನ್ನ ಕೊಡಬ್ಯಾಡ್ರಿ. ಈ ಇಡ್ಲಿ ತಟ್ಟಿ ಅದಾವಲ್ಲ, ಇವು ಕಿಟಕಿ ಆಗ್ತಾವ.”

“ಕಿಟಕಿಯಾ? ಇಡ್ಲಿ ತಟ್ಟೆಯಲ್ಲಿ?” ಜನಾರ್ದನರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನಿನಗೆ ಜ್ವರ ಗಿರ ಉಂಟಾ ಮಾರಾಯ್ತಿ?”

ಜ್ವರವೇನೂ ಇರಲಿಲ್ಲ. ಪಾದ್ರಾ ರಸ್ತೆಯ ವಾಘ್‌ಪುರಾದಲ್ಲಿ ಜನಾರ್ದನರಿಗೆ ಒಂದು ತುಂಡು ಜಮೀನಿತ್ತು. ಅಲ್ಲಿ ಹೋಟೆಲಿಗೆಂದು ಕರಿಬೇವು, ನುಗ್ಗೆ ಬೆಳೆಸಿದ್ದರು. ರಸ್ತೆ ಬದಿಗೆ ಲಾರಿ, ಟೆಂಪೊದವರಿಗಾಗಿ ಒಂದು ಸಣ್ಣ ಊಟದ ಮನೆ ಕಟ್ಟಬೇಕೆಂದು ಅವರಿಗೆ ಬಹಳ ದಿನಗಳ ಆಸೆ. ಆದರೆ ಸಿಮೆಂಟಿನ ಕಾಂಟ್ರಾಕ್ಟರು ಹೇಳಿದ ಖರ್ಚು ಕೇಳಿ ಆಸೆಯನ್ನು ಮಡಚಿಟ್ಟಿದ್ದರು. ಗುಜರಿಗೆ ಹೋಗುವ ಸಾಮಾನು ಮತ್ತು ಜಮೀನಿನದೇ ಮಣ್ಣು ಸಾಕು, ನಾನು ಕಟ್ಟಿಸಿ ಕೊಡುತ್ತೇನೆ ಎಂಬುದು ಮಂದಾಕಿನಿಯ ಮಾತು.

“ಮಣ್ಣಿನ ಮನೆ! ಭೂಕಂಪ ಆಗಿ ಮೂರು ವರ್ಷ ಆಗ್ಲಿಲ್ಲ, ಗೊತ್ತುಂಟಾ?”

“ಕಚ್ಛ್ ಕಡೆ ದುಂಡನೆ ಮಣ್ಣಿನ ಮನಿ ಆ ಭೂಕಂಪಕ್ಕೂ ಬೀಳದ ನಿಂತಾವ್ರಿ ಕಾಕಾರ. ನಾವೂ ದುಂಡಗ ಕಟ್ಟೋಣು. ಒಂದು ಸಲ ನೋಡ್ರಿ, ಬ್ಯಾಡ ಅನಿಸಿದ್ರ ನಾನೇ ಕೆಡವಿ ಕೊಡ್ತೀನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರಸ್ವತಿಗೆ ಇಡ್ಲಿ ತಟ್ಟೆಯ ಕಿಟಕಿಯನ್ನು ನೋಡಲೇಬೇಕೆನಿಸಿತು. “ಆಗ್ಲಿ ಬಿಡಿ” ಎಂದರು. ಆ ಮನೆಯಲ್ಲಿ ಸರಸ್ವತಿ ‘ಆಗ್ಲಿ ಬಿಡಿ’ ಎಂದರೆ ಆದ ಹಾಗೆಯೇ.

ಜನಾರ್ದನರ ಹಳೆಯ ಮಾರುತಿ ವ್ಯಾನು ಸಾಮಾನು ಹೊತ್ತು ವಾಘ್‌ಪುರಾಕ್ಕೆ ಓಡಾಡತೊಡಗಿತು. ಪಾನನಿಷೇಧದ ರಾಜ್ಯದಲ್ಲಿ ಇನ್ನೂರು ಖಾಲಿ ಬಾಟಲಿ ತುಂಬಿಕೊಂಡು ಹೊರಟ ದಿನ ಪೊಲೀಸಿನವನೊಬ್ಬ ಕೈ ಅಡ್ಡ ಹಾಕಿ ಗಾಡಿ ನಿಲ್ಲಿಸಿದ. ಅನುಮಾನದಿಂದ ಒಂದೊಂದೇ ಬಾಟಲಿ ಎತ್ತಿ ಮೂಸಿದ. ಇಪ್ಪತ್ತನೆಯ ಬಾಟಲಿಯ ವಿನೆಗರ್ ಘಾಟಿಗೆ ನಾಲ್ಕು ಸಲ ಸೀನಿದ ಮೇಲೆ “ಹೋಗಿ ಅಣ್ಣಾ, ಹೋಗಿ” ಎಂದು ಕೈಮುಗಿದ. ಜನಾರ್ದನರು ಇದನ್ನು ಒಂದು ವಾರ ಎಲ್ಲ ಗಿರಾಕಿಗಳಿಗೂ ಹೇಳಿದರು.

ಕೆಲಸಕ್ಕೆ ವಾಘ್‌ಪುರಾದ ಕನುಭಾಈ ಬಂದ. ಇಟ್ಟಿಗೆ, ಸಿಮೆಂಟಿನಲ್ಲಿ ಹದಿನೈದು ವರ್ಷ ಪಳಗಿದ ಮೇಸ್ತ್ರಿ. ಅವನ ಜೊತೆ ಬಂದ ಕೂಲಿ ಹೆಂಗಸರಲ್ಲಿ ಶಕರೀಬೇನ್ ಒಬ್ಬಳು. ಛೋಟಾ ಉದೇಪುರದ ಕಡೆಯ ಆದಿವಾಸಿ, ವಯಸ್ಸು ಮೂವತ್ತೈದು ಇರಬಹುದು. ಪ್ರತಿ ವರ್ಷ ಹೋಳಿಯ ತನಕ ಇಲ್ಲಿ, ಹೋಳಿ ಮುಗಿದರೆ ಸೂರತ್ತಿನ ಎತ್ತರದ ಕಟ್ಟಡಗಳಲ್ಲಿ ತಲೆಯ ಮೇಲೆ ಕಾಂಕ್ರೀಟು ಹೊರುವ ಕೆಲಸ. ಕಳೆದ ಎರಡು ವರ್ಷಗಳಿಂದ ಅವಳ ಕತ್ತು ಒಂದು ಕಡೆಗೆ ಸರಿಯಾಗಿ ತಿರುಗುತ್ತಿರಲಿಲ್ಲ.

ಮಂದಾಕಿನಿ ಪುಸ್ತಕ ನೋಡಿ ಕಲಸಿದ ಮಣ್ಣಿನ ಗೋಡೆ ಮೂರನೇ ದಿನವೇ ಬಿರಿಯಿತು. ಇನ್ನೊಂದು ಸಲ ಕಲಸಿದರು, ಅದೂ ಬಿರಿಯಿತು. ಕನುಭಾಈ ಕೈಕಟ್ಟಿ ನಿಂತು, “ನಾನು ಮೊದಲೇ ಹೇಳಿದೆ, ಎರಡು ಮೂಟೆ ಸಿಮೆಂಟ್ ತರಿಸಿ” ಎಂದ. ಬುಟ್ಟಿ ಹೊತ್ತು ಹೋಗುತ್ತಿದ್ದ ಶಕರೀಬೇನ್ ಬಾಯಿಗೆ ಸೆರಗು ಹಿಡಿದು ನಕ್ಕದ್ದನ್ನು ಮಂದಾಕಿನಿ ನೋಡಿಬಿಟ್ಟಳು. ಏಕೆ ನಕ್ಕೆ ಎಂದು ಕೇಳಿದಳು.

“ಈ ಮಣ್ಣಿಗೆ ಹುಲ್ಲು ಸಾಲದು ಬೆಹೆನ್. ಕಲಸಿದ ಕೂಡಲೇ ಹಚ್ಚಲೂಬಾರದು. ಮೂರು ದಿನ ಮುಚ್ಚಿಡಿ, ದಿನಾ ತುಳಿಯಿರಿ.” ಬುಟ್ಟಿ ಇಳಿಸಿ ತಾನೇ ಕಾಲಲ್ಲಿ ತುಳಿದು ತೋರಿಸಿದಳು. ಹತ್ತು ವರ್ಷದವಳಿದ್ದಾಗಿನಿಂದ ತವರುಮನೆಯ ಗೋಡೆ ಮೆತ್ತಿದವಳು. ಅವಳ ಅಜ್ಜಿ ಯಾವುದೋ ಸಣ್ಣ ಅರಮನೆಗೆ ಸುಣ್ಣದ ಗಾರೆ ಅರೆದವಳಂತೆ.

ಅಲ್ಲಿಂದ ಮುಂದೆ ಗೋಡೆ ಎದ್ದದ್ದು ಶಕರೀಬೇನಳ ಕೈಯಲ್ಲಿ. ಬಾಟಲಿಗಳ ತಳವನ್ನು ಹೊರಗೆ ಮಾಡಿ ಕೂರಿಸಿದಳು. ಇಡ್ಲಿ ತಟ್ಟೆಗಳನ್ನು ಸಾಲಾಗಿ ಗೋಡೆಯೊಳಗೆ ಸೇರಿಸಿದಳು. ಬಿಸಿಲು ಬಿದ್ದಾಗ ನೆಲದ ಮೇಲೆ ಚುಕ್ಕಿ ಚುಕ್ಕಿ ಬೆಳಕು ಹರಡಿ, ನೋಡಲು ಬಂದ ಸರಸ್ವತಿ ಮಗುವಿನಂತೆ ಚಪ್ಪಾಳೆ ತಟ್ಟಿದರು. ಎಣ್ಣೆ ಡಬ್ಬಗಳಿಗೆ ಮಣ್ಣು ತುಂಬಿ ಗಲ್ಲಾಕಟ್ಟೆ ಆಯಿತು. ಒಡೆದ ಬಸಿಗಳಿಂದ ಜಗಲಿಗೆ ಬಳ್ಳಿಯ ಚಿತ್ತಾರ ಬಿತ್ತು. ಹಳೇ ಪೇಟೆಯಲ್ಲಿ ಕೆಡವಿದ ಮನೆಯೊಂದರಿಂದ ತಂದ ಕೆತ್ತನೆಯ ಬಾಗಿಲನ್ನು ಕನುಭಾಈ ನಿಲ್ಲಿಸಿದ. ಅದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ಸೈಕಲ್ ನಿಲ್ಲಿಸಿ ನೋಡುವಂತಾಯಿತು. “ಮೇಸ್ತ್ರಿ ಯಾರು?” ಎಂದು ಅವರು ಕೇಳಿದರೆ ಜನಾರ್ದನರು “ಕನುಭಾಈ” ಎನ್ನುತ್ತಿದ್ದರು.

“ಯಾಕ್ರಿ ಕಾಕಾರ ಹಂಗಂತೀರಿ?” ಮಂದಾಕಿನಿ ಒಂದು ದಿನ ಕೇಳಿಯೇ ಬಿಟ್ಟಳು.

“ಮತ್ತೆ ಎಂತ ಹೇಳ್ಲಿಕ್ಕೆ? ಕೂಲಿ ಹೆಂಗಸು ಕಟ್ಟಿದ ಮನೆ ಅಂದ್ರೆ ಒಳಗೆ ಕೂತು ಊಟ ಮಾಡ್ಲಿಕ್ಕೆ ಯಾರು ಬರ್ತಾರೆ? ತಲೆ ಮೇಲೆ ಬೀಳ್ತದೆ ಅಂತ ಹೆದರ್ತಾರೆ.”

ಕನುಭಾಈಯದೂ ಅವನದೇ ಸಂಕಟ. “ಬೆಹೆನ್, ಅವಳ ಕೈ ಒಳ್ಳೆಯದೇ, ನಾನು ಇಲ್ಲ ಅನ್ನಲ್ಲ. ಆದರೆ ಹೆಂಗಸಿನ ಕೈಕೆಳಗೆ ನಿಂತ ಮೇಸ್ತ್ರಿ ಅಂತಾದರೆ ನಾಳೆ ನನ್ನನ್ನು ಯಾರು ಕರೀತಾರೆ?” ಎಂದ. ಶಕರೀಬೇನ್ ತನ್ನ ಪಾಡಿಗೆ ಗೋಡೆ ಮೆತ್ತುತ್ತಿದ್ದಳು. ಗಾರೆ ಹಚ್ಚುವ ಕರಣೆ ಕೈಯಲ್ಲಿರುವಷ್ಟು ಹೊತ್ತು ಅವಳಿಗೆ ಹಾಡು ಬರುತ್ತಿತ್ತು, ಅಷ್ಟೇ ಸಾಕೆನಿಸುತ್ತಿತ್ತೋ ಏನೋ.

ಹೊರಗೋಡೆಗೆ ಮಳೆ ತಡೆಯುವ ಸುಣ್ಣದ ಗಾರೆ ಹಾಕಬೇಕಿತ್ತು. ಅದಕ್ಕೆ ಬೆಲ್ಲದ ನೀರು, ನೆನೆಸಿ ನುಣ್ಣಗೆ ಅರೆದ ಉದ್ದು ಬೇಕು ಎಂದಳು ಶಕರೀಬೇನ್. ಉದ್ದು ಎಂದ ಕೂಡಲೇ ಜನಾರ್ದನರ ಎದೆ ಉಬ್ಬಿತು. ಮೊದಲ ಕಂತಿನ ಉದ್ದನ್ನು ಸರಸ್ವತಿ ಕಳಿಸಿದರು. ಪೂರ್ವದ ಅರ್ಧ ಗೋಡೆ ಒಣಗಿ ಬೆಳ್ಳಗೆ ನುಣುಪಾಗಿ ನಿಂತಿತು.

ಅಷ್ಟರಲ್ಲಿ ಗುಜರಾತಿಗಳ ಸಂಕ್ರಾಂತಿ, ಉತ್ತರಾಯಣ ಬಂತು. ಎರಡು ದಿನ ಇಡೀ ವಡೋದರಾ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತಾ ‘ಉಂಧಿಯು’ ಎಂಬ ತರಕಾರಿ ಪಲ್ಯ, ಜಲೇಬಿ ತಿನ್ನುವ ಹಬ್ಬ. ಆ ಹೊತ್ತಿನಲ್ಲಿ ಇಡ್ಲಿ ಕೇಳುವವರು ಯಾರು? ಹೋಟೆಲಿನಲ್ಲಿ ಎರಡು ದೊಡ್ಡ ಪಾತ್ರೆ ಹಿಟ್ಟು ಹುಳಿದು ಉಳಿಯಿತು. ಚೆಲ್ಲಲು ಜನಾರ್ದನರಿಗೆ ಮನಸ್ಸಾಗಲಿಲ್ಲ. ‘ಇದೂ ಉದ್ದೇ ಅಲ್ವಾ’ ಎಂದುಕೊಂಡು ಯಾರಿಗೂ ಹೇಳದೆ ಎರಡೂ ಪಾತ್ರೆಗಳನ್ನು ವ್ಯಾನಿಗೆ ಹಾಕಿ ವಾಘ್‌ಪುರಾಕ್ಕೆ ಒಯ್ದರು. “ರುಬ್ಬಿಯೇ ತಂದಿದ್ದೇನೆ, ಕಲಸು” ಎಂದರು.

ಶಕರೀಬೇನ್ ಬೆರಳು ಅದ್ದಿ ಮೂಸಿ ನೋಡಿದಳು. “ಅಣ್ಣಾ, ಇದರಲ್ಲಿ ಬೇರೆ ಏನೋ ಇದೆ.”

“ಉದ್ದಿನ ವಿಷಯ ನನಗೆ ಹೇಳಿಕೊಡ್ತೀಯಾ? ಇಪ್ಪತ್ತೆರಡು ವರ್ಷ ಆಯ್ತು ನಾನು ಉದ್ದಿನಲ್ಲೇ ಬದುಕಿ. ಕಲಸು, ಕಲಸು.”

ಅವಳು ಕಲಸಿದಳು, ಪಶ್ಚಿಮದ ಗೋಡೆಗೆ ಹಚ್ಚಿದಳು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಗೋಡೆಯ ತುಂಬ ಬೊಕ್ಕೆ. ಹದವಾದ ಇಡ್ಲಿಯಂತೆ ಅಲ್ಲಲ್ಲಿ ಉಬ್ಬಿ, ಮುಟ್ಟಿದರೆ ಪದರ ಪದರವಾಗಿ ಕಳಚಿ ಬೀಳುತ್ತಿತ್ತು. ಊರಿನ ಎರಡು ನಾಯಿಗಳು ಗೋಡೆ ನೆಕ್ಕುತ್ತಾ ನಿಂತಿದ್ದವು. ಕನುಭಾಈ ತಲೆಯಾಡಿಸಿ, “ಹೆಂಗಸಿನ ಕೈಗೆ ಕರಣೆ ಕೊಟ್ಟರೆ ಇನ್ನೇನಾಗುತ್ತೆ? ನಾಳೆಯಿಂದ ಅವಳು ಬುಟ್ಟಿ ಹೊರಲಿ” ಎಂದ. ಶಕರೀಬೇನ್ ಜನಾರ್ದನರ ಮುಖವನ್ನು ಒಂದು ಸಲ ನೋಡಿದಳು. ಅವರು ಬೇವಿನ ಮರಕ್ಕೆ ಸಿಕ್ಕಿಕೊಂಡಿದ್ದ ಗಾಳಿಪಟವನ್ನು ನೋಡುತ್ತಾ ನಿಂತರು. ಅವಳು ಕರಣೆ ತೊಳೆದಿಟ್ಟು ಬುಟ್ಟಿ ಎತ್ತಿಕೊಂಡಳು.

ಭಾನುವಾರ ಸರಸ್ವತಿ ಬಂದರು. ಗೋಡೆಯ ಹತ್ತಿರ ಹೋದವರು ಗಕ್ಕನೆ ನಿಂತು ಗಾಳಿ ಮೂಸಿದರು. ಮತ್ತೂ ಹತ್ತಿರ ಹೋಗಿ ಗೋಡೆಗೇ ಮೂಗು ಹಚ್ಚಿದರು. ಉಗುರಿನಿಂದ ಕೆರೆದು ಏನನ್ನೋ ಎತ್ತಿ ಅಂಗೈಯಲ್ಲಿಟ್ಟು ಗಂಡನ ಮುಂದೆ ಹಿಡಿದರು. ಅದು ಒಂದು ಮೆಂತೆಕಾಳು.

“ಇದು ನಮ್ಮ ಹಿಟ್ಟಲ್ವಾ?”

ಜನಾರ್ದನರು ಹೌದೆಂದು ತಲೆ ಅಲ್ಲಾಡಿಸಿದರು. ಸರಸ್ವತಿ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಜಗಲಿಯ ಮೇಲೆ ಕೂತು, ಹೊಟ್ಟೆ ಹಿಡಿದು, ಕಣ್ಣೀರು ಒರೆಸಿಕೊಂಡು ನಕ್ಕರು. “ಅಕ್ಕಿ, ಉಪ್ಪು, ಸೋಡ ಎಲ್ಲ ಉಂಟಲ್ಲ ಇದ್ರಲ್ಲಿ! ಇಡೀ ಗೋಡೆಯನ್ನೇ ಬೇಯಿಸ್ಲಿಕ್ಕೆ ಹೊರಟಿದ್ರಾ?” ಜನಾರ್ದನರಿಗೂ ನಗು ತಡೆಯಲಾಗಲಿಲ್ಲ. ಆದರೆ ಬುಟ್ಟಿ ಹೊತ್ತು ಏಣಿಯ ಪಕ್ಕ ಹಾದುಹೋದ ಶಕರೀಬೇನಳನ್ನು ಕಂಡು ಸರಸ್ವತಿಯ ನಗು ನಿಂತಿತು. ಅವಳನ್ನು ಗೋಡೆಯಿಂದ ಯಾಕೆ ಇಳಿಸಿದಿರಿ ಎಂದು ಕೇಳಿದರು. ಜನಾರ್ದನರು ಮತ್ತೆ ಬೇವಿನ ಮರದ ಗಾಳಿಪಟದ ಕಡೆ ತಿರುಗಿದರು, ಸರಸ್ವತಿಗೆ ಉತ್ತರ ತಿಳಿದುಹೋಯಿತು.

“ಸಾಂಬಾರು ಹೊಗಳಿದಾಗಲೂ ನೀವು ಹೀಗೇ ನಕ್ಕು ಸುಮ್ಮನಿರ್ತೀರಿ” ಎಂದರು ಮೆಲ್ಲಗೆ. “ನನಗೆ ಬೇಸರ ಇಲ್ಲ ಅಂತ ನೀವು ತಿಳ್ಕೊಂಡಿದ್ದು. ಇರ್ಲಿ. ನನ್ನದು ಗಂಡನ ಮನೆ, ಸಾಗಿತು. ಅವಳದ್ದು ಹೊಟ್ಟೆಪಾಡು.”

ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವರು ಆಡಿದ್ದು ಅದೇ ಮೊದಲು. ಜನಾರ್ದನರಿಗೆ ಎಲ್ಲೋ ಒಳಗೆ ಚುರುಕ್ಕೆಂದಿತು. ಹೋಗಿ ವ್ಯಾನಿನ ಗಾಜು ಒರೆಸುತ್ತಾ ನಿಂತರು. ಅದು ಚೊಕ್ಕಟವಾಗಿಯೇ ಇತ್ತು.

ಪಶ್ಚಿಮದ ಗೋಡೆಯನ್ನು ಕೆರೆದು ಮತ್ತೆ ಹಚ್ಚುವ ಹೊತ್ತಿಗೆ ಮಂದಾಕಿನಿ ಯಾರ ಮಾತನ್ನೂ ಕೇಳಲಿಲ್ಲ. ಸರಸ್ವತಿ ತಂದ ಹೊಸ ಉದ್ದನ್ನೂ ಕರಣೆಯನ್ನೂ ಶಕರೀಬೇನಳ ಕೈಗೇ ಕೊಟ್ಟಳು. ಗೋಡೆ ಒಣಗಿ ಹೊಳೆಯಿತು. ಬಿದಿರಿನ ಮೇಲೆ ಹಳೆಯ ನಾಡಹೆಂಚು ಕೂತು ಮನೆ ಮುಗಿಯಿತು. ಆದರೂ ಕೇಳಿದವರಿಗೆಲ್ಲ ಕನುಭಾಈಯ ಹೆಸರೇ ಉತ್ತರವಾಗಿತ್ತು. ಆಡಿದ ಮಾತನ್ನು ತಿರುಗಿಸುವುದು ಹೇಗೆಂದು ಜನಾರ್ದನರಿಗೆ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ಧೈರ್ಯವೂ ಬರಲಿಲ್ಲ.

ಪ್ರಾರಂಭೋತ್ಸವ ಹೋಳಿ ಹಬ್ಬಕ್ಕೆ ಐದು ದಿನ ಮುಂಚೆ ಎಂದು ನಿಶ್ಚಯವಾಯಿತು. ಆಗಲೇ ಮಂದಾಕಿನಿ ಒಂದು ಸುದ್ದಿ ತಂದಳು. ಪಕ್ಕದ ಹಳ್ಳಿಯ ಪಂಚಾಯತಿ ಮುಖ್ಯಸ್ಥೆ, ಸರಪಂಚ್ ಸುಮಿತ್ರಾಬೇನ್ ದುಂಡು ಮನೆಯನ್ನು ದಾರಿಯಿಂದ ನೋಡಿ ಮೆಚ್ಚಿದ್ದರು. ಅವರ ಊರಿನ ಅಂಗನವಾಡಿಗೆ ಇಂಥದೇ ಕಟ್ಟಡ ಬೇಕು. ಪ್ರಾರಂಭದ ದಿನ ಬಂದು ಮೇಸ್ತ್ರಿಯನ್ನು ಕಂಡು ಕೆಲಸ ಒಪ್ಪಿಸುತ್ತಾರಂತೆ.

“ಆ ಕೆಲಸ ಶಕರೀಬೇನ್‌ಗ ಸಿಕ್ರ ಆಕಿ ಸೂರತ್ತಿಗೆ ಹೋಗೂದು ತಪ್ಪತೈತ್ರಿ ಕಾಕಾರ. ಇನ್ನೊಂದು ವರ್ಷ ಆ ಹೊರೆ ಹೊತ್ರ ಕುತ್ತಿಗಿ ಪೂರಾ ಹೋಗತೈತಿ ಅಂತ ದವಾಖಾನಿಯಾಗ ಹೇಳ್ಯಾರ.”

ಜನಾರ್ದನರು “ಹೂಂ” ಎಂದರು.

ಕರಾವಳಿಯಲ್ಲಿ ಮನೆ ಒಕ್ಕಲಿನ ದಿನ, ಹಾಲು ಉಕ್ಕಿಸುವ ಮೊದಲು, ಕಟ್ಟಿದ ಮೇಸ್ತ್ರಿಯನ್ನು ಎಲ್ಲರೆದುರು ಕರೆದು ಪಂಚೆ, ಶಾಲು, ತೆಂಗಿನಕಾಯಿ, ವೀಳ್ಯ ಕೊಟ್ಟು ಕೈಮುಗಿಯಬೇಕು. ಊರು ಬಿಟ್ಟು ಎಷ್ಟು ದೂರ ಬಂದರೂ ಜನಾರ್ದನರು ಆ ಪದ್ಧತಿ ಬಿಡುವವರಲ್ಲ. ಬೆಳಿಗ್ಗೆ ತಾವೇ ಹರಿವಾಣ ಜೋಡಿಸಿದರು. ಜರಿ ಅಂಚಿನ ಪಂಚೆಯನ್ನು ನೋಡಿದ ಸರಸ್ವತಿ ಯಾರಿಗೆಂದು ಕೇಳಲಿಲ್ಲ. ವೀಳ್ಯದೆಲೆಯ ಮೇಲೆ ಒಂದು ಅಡಿಕೆ ಇಟ್ಟು ಹರಿವಾಣವನ್ನು ಗಂಡನ ಕೈಗೆ ಕೊಟ್ಟರು.

ವಾಘ್‌ಪುರಾದಲ್ಲಿ ಅರ್ಧ ಊರೇ ನೆರೆದಿತ್ತು. ಮಕ್ಕಳು ಬಾಟಲಿ ಗೋಡೆಗೆ ಕಣ್ಣು ಹಚ್ಚಿ ಒಬ್ಬರನ್ನೊಬ್ಬರು ಹಸಿರು ಬಣ್ಣದಲ್ಲಿ ನೋಡಿ ಕಿರುಚುತ್ತಿದ್ದರು. ಸುಮಿತ್ರಾಬೇನ್ ಗಂಡನ ಜೊತೆ ಬಂದು ಕುರ್ಚಿಯಲ್ಲಿ ಕೂತಿದ್ದರು. ಸರಪಂಚ್ ಆದವರು ಅವರೇ ಆದರೂ ಮಾತೆಲ್ಲ ಗಂಡನದೇ. “ಮೇಸ್ತ್ರಿಯನ್ನು ಕರೆಯಿರಿ ಅಣ್ಣಾ, ನೋಡೋಣ” ಎಂದು ಆತ ಕೂಗಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ಕನುಭಾಈ ಕೈ ಒರೆಸಿಕೊಂಡು ಎರಡು ಹೆಜ್ಜೆ ಮುಂದೆ ಬಂದ. ಹೆಂಗಸರ ಗುಂಪಿನ ಹಿಂದೆ, ನೀರಿನ ಕೊಡಗಳ ಪಕ್ಕದಲ್ಲಿ ಶಕರೀಬೇನ್ ನಿಂತಿದ್ದಳು.

ಜನಾರ್ದನರು ಹರಿವಾಣ ಹಿಡಿದು ಎದ್ದರು. ಇಷ್ಟು ವರ್ಷ ಕಳೆದರೂ ಅವರ ಗುಜರಾತಿಗೆ ಉಡುಪಿಯ ರಾಗ ಹೋಗಿರಲಿಲ್ಲ.

“ಕನುಭಾಈ,” ಎಂದು ಅವನ ಹೆಗಲ ಮೇಲೆ ಕೈಯಿಟ್ಟರು, “ಈ ಬಾಗಿಲು ನಿಲ್ಲಿಸಿದ್ದು ನೀನು. ಒಂದು ಕೂದಲೆಳೆಯಷ್ಟೂ ಓರೆಯಾಗಿಲ್ಲ. ಆದರೆ ಗೋಡೆ ನಿನ್ನದಲ್ಲ. ನಿನ್ನದು ಅಂತ ಊರಿಗೆಲ್ಲ ಹೇಳಿದವನು ನಾನು. ತಪ್ಪು ನನ್ನದು.” ಆಮೇಲೆ ಜನರ ಕಡೆ ತಿರುಗಿದರು. “ಸಂಕ್ರಾಂತಿ ಮುಗಿದ ಮೇಲೆ ಆ ಗೋಡೆ ಉಬ್ಬಿದ್ದನ್ನು ನೀವೆಲ್ಲ ನೋಡಿದ್ದೀರಿ. ಹೆಂಗಸಿನ ಕೈ ಅಂದಿರಿ. ಅದು ಹೆಂಗಸಿನ ಕೈ ಅಲ್ಲ, ನನ್ನ ಹೋಟೆಲಿನ ಹಳಸಿದ ಇಡ್ಲಿ ಹಿಟ್ಟು! ಇದರಲ್ಲಿ ಬೇರೇನೋ ಇದೆ ಅಂದಳು ಅವಳು. ನಾನು ಕೇಳಲಿಲ್ಲ. ಬೈಗುಳ ಅವಳು ತಿಂದಳು, ನಾನು ಗಾಳಿಪಟ ನೋಡುತ್ತಾ ನಿಂತೆ. ಬಿದ್ದ ಗಾರೆ ನನ್ನದು. ಈಗ ನಿಂತಿದೆಯಲ್ಲ, ಅದು ಮೇಸ್ತ್ರಿ ಶಕರೀಬೇನಳದ್ದು.”

ಇಡ್ಲಿ ಹಿಟ್ಟಿನ ಗೋಡೆ ನೆನೆದು ಯಾರೋ ಕಿಸಕ್ಕೆಂದರು. ನಗು ಜಗಲಿಯಿಂದ ಬೇವಿನ ಮರದವರೆಗೂ ಹಬ್ಬಿತು. ಆ ನಗುವಿನ ನಡುವೆಯೇ ಜನಾರ್ದನರು ಹೆಂಗಸರ ಗುಂಪನ್ನು ದಾಟಿ ಕೊಡಗಳ ಹತ್ತಿರ ಹೋಗಿ ಹರಿವಾಣ ಚಾಚಿದರು. “ತಗೊಳ್ಳಮ್ಮಾ. ಮೇಸ್ತ್ರಿಗೆ ಕೊಡದೆ ನಮ್ಮಲ್ಲಿ ಹಾಲು ಉಕ್ಕಿಸುವುದಿಲ್ಲ.”

ಶಕರೀಬೇನ್ ಹರಿವಾಣವನ್ನು ಸರಸ್ವತಿಯ ಕೈಗಿತ್ತು ಪಂಚೆಯನ್ನು ಎತ್ತಿಕೊಂಡಳು. ಬಟ್ಟೆ ಸಿಕ್ಕ ಕೂಡಲೇ ಅವಳ ಕೈಗಳು ಅಭ್ಯಾಸದಂತೆ ಅದನ್ನು ಸುತ್ತಿ ಸಿಂಬಿ ಮಾಡತೊಡಗಿದವು, ತಲೆಯ ಮೇಲೆ ಹೊರೆ ಕೂರಿಸುವ ಸಿಂಬಿ. ಅರ್ಧ ಸುತ್ತಿದವಳು ನಿಂತಳು. ಕೈಯಲ್ಲಿದ್ದುದನ್ನು ನೋಡಿದಳು. ಮೆಲ್ಲಗೆ ಸುತ್ತು ಬಿಚ್ಚಿ, ಒಮ್ಮೆ ಕೊಡವಿ, ಗಂಡಸರು ಹಾಕಿಕೊಳ್ಳುವಂತೆ ಹೆಗಲ ಮೇಲೆ ಹಾಕಿಕೊಂಡಳು.

ಸುಮಿತ್ರಾಬೇನರ ಗಂಡ ಗಂಟಲು ಸರಿಮಾಡಿಕೊಂಡ. “ಹೆಂಗಸು ಅಂದರೆ… ನಾವು ಸ್ವಲ್ಪ ಯೋಚನೆ ಮಾಡಿ…”

“ಯೋಚನೆ ಆಯಿತು,” ಎಂದರು ಸುಮಿತ್ರಾಬೇನ್, ಗಂಡನ ಕಡೆ ನೋಡದೆಯೇ. ಅವರ ದನಿಯನ್ನು ಊರಿನವರು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲಿರಬೇಕು. “ಹೋಳಿ ಮುಗಿಸಿಕೊಂಡು ಬಾ ಶಕರೀಬೇನ್. ಅಂಗನವಾಡಿ ನೀನು ಕಟ್ಟು. ಎಷ್ಟು ಜನ ಬೇಕು ಹೇಳು.”

ಶಕರೀಬೇನ್ ಕಣ್ಣಲ್ಲೇ ಲೆಕ್ಕ ಹಾಕಿದಳು. ಬಾಗಿಲ ಪಕ್ಕದಲ್ಲಿ ಕನುಭಾಈ ತಲೆ ತಗ್ಗಿಸಿ, ಇಸ್ತ್ರಿ ಅಂಗಿಯ ಗುಂಡಿ ತಿರುವುತ್ತಾ ನಿಂತಿದ್ದ. ಅವಳು ಅವನ ಕಡೆಗೇ ನಡೆದಳು.

“ಕನುಭಾಈ, ಬಾಗಿಲು ನಿಲ್ಲಿಸಲು ನನಗೆ ಬರಲ್ಲ. ನೀವು ಬರ್ತೀರಾ?”

ಕನುಭಾಈ ತಾನೇ ನಿಲ್ಲಿಸಿದ ಬಾಗಿಲನ್ನು ನೋಡಿದ, ಅದರ ಎರಡೂ ಪಕ್ಕದ ಬಿಳಿಯ ಗೋಡೆಯನ್ನು ನೋಡಿದ. ಊರೆಲ್ಲ ಅವನನ್ನೇ ನೋಡುತ್ತಿತ್ತು.

“ಎಷ್ಟು ಗಂಟೆಗೆ ಬರಬೇಕು,” ಎಂದು ಕೇಳಿದ, “ಮೇಸ್ತ್ರಿ?”